ಬೇಗಡೆ ಕಿರೀಟ, ಜೋಳದ ದಂಟಿನ ಬಾಣ

ಬಯಲಾಟದ ವೇಷಕ್ಕೆ ಬೇಕಾದ ಕಿರೀಟ, ಭುಜಕೀರ್ತಿ, ಗದೆ, ಬಿಲ್ಲುಬಾಣ, ರಾಕ್ಷಸನ ಕೋರೆಹಲ್ಲು, ಋಷಿಯ ಜಡೆ ಇವುಗಳಲ್ಲಿ ಬಹುಪಾಲನ್ನು ಊರಿನವರೇ ಕೈಯಾರೆ ಮಾಡಿಕೊಳ್ಳುವ ರೂಢಿ ಗುಡೇಕೋಟೆ ಸೀಮೆಯಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಆಟ ಕಟ್ಟುತ್ತಿದ್ದವರು ಆಟವನ್ನೇ ನಂಬಿ ಬದುಕಿದವರಲ್ಲ. ಹೊಲ ಉಳುವವರು, ಕುರಿ ಕಾಯುವವರು, ಬಡಿಗರು, ಕಮ್ಮಾರರು, ಅಲ್ಲೊಬ್ಬ ಇಲ್ಲೊಬ್ಬ ಶಾಲೆ ಮಾಸ್ತರರು. ಪಾತ್ರ ಹಾಕಿದ್ದಕ್ಕೆ ಅವರಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅವರೇ ಪಟ್ಟಿ ಹಾಕಿ ಕೊಡುತ್ತಿದ್ದರು, ದೊಡ್ಡ ಪಾತ್ರಕ್ಕೆ ದೊಡ್ಡ ಪಟ್ಟಿ. ಇಲ್ಲದ ಲೋಕವೊಂದರ ಆಯುಧ, ಆಭರಣಗಳನ್ನು ಪ್ರೀತಿಗಾಗಿ ಕೈಯಿಂದ ಮಾಡುವ ಕೆಲಸವನ್ನು ಇವತ್ತು ಜಗತ್ತಿನಾದ್ಯಂತ ಹವ್ಯಾಸವೆಂದು ಕರೆಯುತ್ತಾರೆ. ಆ ಹವ್ಯಾಸ ಕೂಡ್ಲಿಗಿ ಸೀಮೆಗೆ ಹೊಸದಾಗಿ ಬರಬೇಕಾಗಿಲ್ಲ.

ಗುಡೇಕೋಟೆ ಕೂಡ್ಲಿಗಿ ತಾಲ್ಲೂಕಿನ ಹಳೆಯ ಪಾಳೆಯಪಟ್ಟು. ಸುತ್ತ ಬಂಡೆಗುಡ್ಡ, ಗುಡ್ಡದ ಮೇಲೆ ಕೋಟೆ, ಗವಿಗಳಲ್ಲಿ ಕರಡಿ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಕೂಡ್ಲಿಗಿ ಬಳ್ಳಾರಿಗೆ ಸೇರಿತ್ತು. ಮಳೆ ಕಡಿಮೆಯಾದ, ಜೋಳ, ಶೇಂಗಾ, ಹುಣಸೆಯ ನಾಡಿದು. ಈ ಬೆಳೆಗಳ ಲೆಕ್ಕ ಇಲ್ಲಿ ಸುಮ್ಮನೆ ಬಂದದ್ದಲ್ಲ. ವೇಷದ ಸಾಮಾನು ಹುಟ್ಟುತ್ತಿದ್ದುದೇ ಅವುಗಳಿಂದ.

ಸುಗ್ಗಿ ಮುಗಿದು ಜೋಳ ಹಗೇವಿಗೆ ಸೇರಿದ ಮೇಲೆ ಮುಂಗಾರಿನವರೆಗೆ ಕೈಗೆ ಬಿಡುವು. ತಾಲೀಮು ಶುರುವಾಗುತ್ತಿದ್ದುದು ಆಗಲೇ. ಬೇರೆ ಊರಿನಿಂದ ಕರೆಸಿದ ಆಟದ ಮಾಸ್ತರ ಊರಲ್ಲೇ ಉಳಿದು ಪದ, ಮಾತು, ಹೆಜ್ಜೆ ಕಲಿಸುತ್ತಿದ್ದರೆ, ಇನ್ನೊಂದು ಕಡೆ ಸಾಮಾನಿನ ಕೆಲಸ ನಡೆಯುತ್ತಿತ್ತು. ಅದೇ ದಿನಗಳಲ್ಲಿ ಕೂಡ್ಲಿಗಿ ಸೀಮೆಯ ಮನೆ ಮನೆಯಲ್ಲಿ ಹೆಂಗಸರು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ಹಣ್ಣು ಪೇಟೆಗೆ ಹೋಗುತ್ತಿತ್ತು, ಬೀಜ ರಾಶಿ ಬೀಳುತ್ತಿತ್ತು. ಆ ಬೀಜವನ್ನು ಹುರಿದು, ನೆನೆಸಿ, ಕಂದು ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ನೀರಲ್ಲಿ ಕುದಿಸಿದರೆ ಬಿಳಿಯ ಗಟ್ಟಿ ಅಂಟು ಸಿಗುತ್ತದೆ. ಒಣಗಿದ ಮೇಲೆ ಅದು ಮರವನ್ನು ಮರಕ್ಕೆ, ಬಟ್ಟೆಯನ್ನು ತಗಡಿಗೆ ಬಿಗಿಯಾಗಿ ಹಿಡಿಯುತ್ತದೆ. ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುವುದೂ ಇತ್ತು. ಇಡೀ ಕಸುಬಿನ ಮೂಲದ್ರವ್ಯ ಯಾವುದೆಂದು ಕೇಳಿದರೆ ಹುಣಸೆಬೀಜವೆಂದೇ ಹೇಳಬೇಕು. ದುಡ್ಡು ಕೊಟ್ಟು ತರಬೇಕಾದದ್ದು ಹೊಳೆಯುವ ತೆಳು ಹಾಳೆಯಾದ ಬೇಗಡೆ, ಕನ್ನಡಿ ಚೂರು, ಹರಳು, ಬಣ್ಣ ಇಷ್ಟೇ. ಉಳಿದದ್ದೆಲ್ಲ ಊರಲ್ಲೇ ಇತ್ತು.

ಈ ವಿದ್ಯೆಯ ಪಕ್ವ ರೂಪ ಇವತ್ತಿಗೂ ಉಳಿದಿರುವುದು ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ. ಅಲ್ಲಿನ ಚಿತ್ರಗಾರರು ಹಗುರವಾದ ಮರವನ್ನು ಕಡೆದು, ಬಿಡಿಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುತ್ತಾರೆ. ಆ ಕಿಟ್ಟವನ್ನು ಮೈಮೇಲೆ ಮೆತ್ತಿದರೆ ಮರದ ಸಂದು, ಬಿರುಕು ಎಲ್ಲ ಮುಚ್ಚಿಹೋಗುತ್ತದೆ. ಕಲ್ಲಿನ ಪುಡಿಯನ್ನು ಅಂಟಿನೊಡನೆ ಕಲಸಿ ಆಭರಣದ ಗೆರೆಗಳನ್ನು ಉಬ್ಬಿಸಿ ಎಳೆಯುವುದು ಇನ್ನೊಂದು ಹಂತ. ತವರವನ್ನು ಅಂಟಿನ ಜೊತೆ ಅರೆದು ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುವ ಲಾಜವರ ಎಂಬ ಕ್ರಮವೂ ಅವರಲ್ಲಿದೆ. ಹಂಪಿಯ ವಿರೂಪಾಕ್ಷ ಗುಡಿಯ ಛತ್ತಿನ ಚಿತ್ರಗಳ ಜೊತೆ ಈ ಮನೆತನಗಳ ನಂಟನ್ನು ಪರಂಪರೆ ಹೇಳುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಕಿನ್ನಾಳದ ಕೆಲಸಕ್ಕೆ ಸಿಕ್ಕಿದೆ. ಹಳ್ಳಿಯ ಬಡಿಗನೋ ಆಟದ ಹುಚ್ಚಿನ ರೈತನೋ ಮಾಡಿದ್ದು ಇದೇ ಕ್ರಮದ ಒರಟು, ಅವಸರದ, ಅಗ್ಗದ ರೂಪ. ಒರಟು ಎಂದರೆ ಕೀಳೆಂದಲ್ಲ. ಗುಡಿಯ ಮೂರ್ತಿ ನೂರು ವರ್ಷ ಬಾಳಬೇಕು, ಆಟದ ಕಿರೀಟ ರಾತ್ರಿ ಪೂರ್ತಿ ಕುಣಿತವನ್ನು ತಡೆದುಕೊಳ್ಳಬೇಕು. ಬೇಡಿಕೆಗಳೇ ಬೇರೆ.

ಕಿರೀಟ ಮಾಡುವಾಗ ಮೊದಲ ಪ್ರಶ್ನೆ ತೂಕದ್ದು. ಬಯಲಾಟದ ಒಂದು ಬಗೆಯಾದ ದೊಡ್ಡಾಟ ರಾತ್ರಿ ಊಟದ ಹೊತ್ತಿನ ಮೇಲೆ ಶುರುವಾದರೆ ಹೊತ್ತು ಮೂಡುವವರೆಗೆ ನಡೆಯುತ್ತದೆ. ಅರಸಿನ ಪಾತ್ರದವನು ರಂಗದ ಅಟ್ಟದ ಹಲಗೆ ನಡುಗುವಂತೆ ಹೆಜ್ಜೆ ಹಾಕಿ, ಗಿರಕಿ ಹೊಡೆದು, ಮತ್ತೆ ನಿಂತು ಏರುದನಿಯಲ್ಲಿ ಮಾತು ಹೇಳಬೇಕು. ತಲೆಯ ಮೇಲೆ ಭಾರವಿದ್ದರೆ ಕುತ್ತಿಗೆ ಬಿಗಿಯುತ್ತದೆ, ಕುತ್ತಿಗೆ ಬಿಗಿದರೆ ದನಿ ಕಟ್ಟುತ್ತದೆ. ಆದ್ದರಿಂದ ಬೂರುಗ, ಹಾಲುವಾಣದಂಥ ಹಗುರ ಮರವೇ ಆಗಬೇಕು. ಅದೂ ಒಳಗೆಲ್ಲ ಕೊರೆದು ತೆಳುವಾದ ಚಿಪ್ಪಿನಂತೆ ಉಳಿಸಿಕೊಂಡದ್ದು. ಅಂಥ ಮರವೂ ಕಡೆಯುವ ಕೈಯೂ ಇಲ್ಲದ ಊರಲ್ಲಿ ಬಿದಿರ ದಬ್ಬೆಯ ಚೌಕಟ್ಟು ಕಟ್ಟಿ ಅದರ ಮೇಲೆ ಕಾಗದ, ಬಟ್ಟೆಗಳನ್ನು ಪದರ ಪದರವಾಗಿ ಅಂಟಿಸುತ್ತಿದ್ದರು. ಇನ್ನೊಂದು ದಾರಿ ಅಡುಗೆಮನೆಯಿಂದ ಬಂದದ್ದು. ಹಳೆಯ ಕಾಗದವನ್ನು ನೆನೆಹಾಕಿ ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಬೆನ್ನಿಗೆ ಮೆತ್ತಿ ಒಣಗಿಸಿ ಬುಟ್ಟಿ ಮಾಡಿಕೊಳ್ಳುವುದು ಹೆಂಗಸರ ಹಳೆಯ ಕೆಲಸ. ಪಾತ್ರೆಯ ಬದಲು ಗಡಿಗೆಯ ಬೆನ್ನಿಗೆ ಮೆತ್ತಿದರೆ ಕಿರೀಟದ ಬುಡ ಅಥವಾ ರಾಕ್ಷಸನ ಮೊಗವಾಡದ ಅಚ್ಚು ಸಿದ್ಧ. ಬಯಲಾಟದ ಬರಹಗಳಲ್ಲಿ ಗಂಡಸರ ಹೆಸರೇ ತುಂಬಿದ್ದರೂ ಸಾಮಾನಿನ ಅರ್ಧ ವಿದ್ಯೆ ಒರಳಿನ ಮುಂದೆ ಕೂತವರದು.

ತಲೆಯ ಸುತ್ತಳತೆಯನ್ನು ದಾರದಿಂದ ಹಿಡಿಯುತ್ತಿದ್ದರು. ಆದರೂ ಕಿರೀಟವನ್ನು ನೇರವಾಗಿ ತಲೆಗೆ ಇಡುತ್ತಿರಲಿಲ್ಲ. ಕೊಡ ಹೊರುವಾಗ ಇಟ್ಟುಕೊಳ್ಳುವಂಥ ಬಟ್ಟೆಯ ಸಿಂಬಿಯನ್ನು ಮೊದಲು ಸುತ್ತಿ, ಅದರ ಮೇಲೆ ಕಿರೀಟ ಕೂರಿಸಿ, ಗದ್ದದ ಕೆಳಗೆ ಲಾಡಿ ಬಿಗಿಯುತ್ತಿದ್ದರು. ಬೆವರನ್ನು ಸಿಂಬಿ ಹೀರುತ್ತಿತ್ತು, ಹೆಜ್ಜೆಯ ಏಟನ್ನೂ ಅದೇ ನುಂಗುತ್ತಿತ್ತು. ಒಂದೇ ಕಿರೀಟ ಅಪ್ಪನ ತಲೆಗೂ ಮುಂದೆ ಮಗನ ತಲೆಗೂ ಒಗ್ಗುತ್ತಿದ್ದುದು ಸಿಂಬಿಯ ದಪ್ಪವನ್ನು ಹೆಚ್ಚು ಕಡಿಮೆ ಮಾಡುವುದರಿಂದ. ಭುಜಕೀರ್ತಿಗೆ ಇದಕ್ಕಿಂತ ಹೆಚ್ಚಿನ ಯೋಚನೆ ಬೇಕು. ಎರಡು ಹೆಗಲ ಮೇಲೆ ರೆಕ್ಕೆಯಂತೆ ಏಳುವ ಈ ಹಲಗೆಗಳು ಹೆಗಲಿಗೆ ಅಂಟಿದ್ದರೆ ಕೈ ಎತ್ತಿದಾಗಲೆಲ್ಲ ಕಿವಿಗೆ ಬಡಿಯುತ್ತವೆ. ಅದಕ್ಕಾಗಿ ಬೆನ್ನಿನ ಮೇಲೆ ಅಡ್ಡಪಟ್ಟಿ ಕಟ್ಟಿ, ಭಾರವನ್ನೆಲ್ಲ ಬೆನ್ನಿಗೆ ಇಳಿಸಿ, ತೋಳನ್ನು ಸಡಿಲ ಬಿಡಬೇಕು.

ಮೇಲಿನ ಅಲಂಕಾರ ಬೇಗಡೆಯದು. ಮದುವೆಯ ಬಾಸಿಂಗಕ್ಕೆ ಬಳಸುವ ಬೆಂಡು, ಬೇಗಡೆ, ಮಣಿಗಳೇ ಇಲ್ಲಿಗೂ ಬರುತ್ತಿದ್ದವು. ಬಾಸಿಂಗ ಕಟ್ಟುವ ಚಿತ್ರಗಾರರು, ಜೀನಗಾರರು ಇದ್ದ ಊರಿಗೆ ಈ ವಿಷಯದಲ್ಲಿ ಬಡತನವಿರಲಿಲ್ಲ. ಇಲ್ಲದ ಊರಲ್ಲಿ ಸಿಗರೇಟು ಪ್ಯಾಕಿನ ಒಳಗಿನ ಬೆಳ್ಳಿ ಕಾಗದವನ್ನು ಹುಡುಗರು ಒಟ್ಟುಮಾಡಿ ಕೊಡುತ್ತಿದ್ದರು. ನಡುನಡುವೆ ಕನ್ನಡಿ ಚೂರು.

ಆಯುಧಗಳಲ್ಲಿ ಊರಿನ ಹೊಲವೇ ಕಾಣುತ್ತಿತ್ತು. ಬಿಲ್ಲು ಬಿದಿರಿನದು, ಬಾಣ ಒಣ ಜೋಳದ ದಂಟಿನದು. ದಂಟು ನೆಟ್ಟಗಿರುತ್ತದೆ, ಗಾಳಿಯಷ್ಟು ಹಗುರ, ಎದುರಿನವನಿಗೆ ತಗುಲಿದರೂ ನೋಯುವುದಿಲ್ಲ, ಮುರಿದರೆ ಬಣವೆಯಲ್ಲಿ ಇನ್ನೊಂದಿದೆ. ಭೀಮನ ಗದೆಗೆ ಒಣಗಿದ ಸೋರೆ ಬುರುಡೆಯೊಳಗೆ ಕೋಲು ತೂರಿಸಿ, ಮೇಲೆ ಅಂಟಿನ ಬಟ್ಟೆ ಸುತ್ತಿ ಬಣ್ಣ ಹಚ್ಚಿದರೆ ಸಾಕು. ಕತ್ತಿಗೆ ಮರದ ಅಲಗು, ಅದರ ಮೇಲೆ ಸೀಮೆಎಣ್ಣೆ ಡಬ್ಬಿಯಿಂದಲೋ ಡಾಲ್ಡಾ ಡಬ್ಬಿಯಿಂದಲೋ ಕತ್ತರಿಸಿದ ತಗಡು. ಅಂಚನ್ನು ಒಳಮಡಿಚಿ ಬಡಿಯದಿದ್ದರೆ ಕೈ ಕುಯ್ಯುತ್ತದೆ. ಕವಚಕ್ಕೆ ಗೋಣಿತಾಟಿಗೆ ಬೆಳ್ಳಿ ಬಣ್ಣ. ಗಡ್ಡ, ಜಡೆಗೆ ಪುಂಡಿನಾರು ಮತ್ತು ಕತ್ತಾಳೆ ನಾರು. ಬಿಳಿ ಗಡ್ಡಕ್ಕೆ ನಾರು ಹಾಗೆಯೇ ನಡೆಯುತ್ತದೆ, ರಾಕ್ಷಸನ ಕರಿ ಜಡೆಗೆ ಕುರುಬರ ಮನೆಯ ಕರಿ ಉಣ್ಣೆ ಇದ್ದೇ ಇತ್ತು. ಮುಖಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇದ, ಕಾಡಿಗೆ. ಅರದಾಳದಲ್ಲಿ ಶಂಖಪಾಷಾಣ, ಇಂಗಳೀಕದಲ್ಲಿ ಪಾದರಸ. ರಾತ್ರಿಯಿಡೀ ಬೆವರಿನ ಮುಖದ ಮೇಲೆ ಅವು ಕೂತಿರುತ್ತಿದ್ದವು. ಹಳೆಯ ಸಾಮಾನಿನಲ್ಲಿ ಈ ಬಣ್ಣಗಳನ್ನು ಬಿಟ್ಟುಬಿಡಬೇಕು, ಮತ್ತೆ ತರಲೇಬಾರದು.

ಕರಡಿಯ ವಿಷಯ ಇಲ್ಲಿ ಸೇರಿಸಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಮೈಲಾರಲಿಂಗನ ಭಕ್ತರಾದ ಗೊರವರ ವೇಷ ಕರಿ ಕಂಬಳಿ, ಡಮರುಗ, ತಲೆಯ ಮೇಲೆ ಕರಡಿ ಕೂದಲಿನ ಟೊಪ್ಪಿಗೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕಾರ್ಣಿಕವೆಂಬ ಭವಿಷ್ಯವಾಣಿ ನುಡಿಯುತ್ತಾನೆ. ಆ ಬಿಲ್ಲು ಆಟದ ಸಾಮಾನಲ್ಲ, ಪೂಜೆಯ ವಸ್ತು. ಆಟದ ಬಿಲ್ಲನ್ನು ಅದರ ಪಕ್ಕ ಇಟ್ಟು ಮಾತಾಡಿದರೆ ಇಲ್ಲಿನ ಜನ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಟೊಪ್ಪಿಗೆ ಎಲ್ಲರಿಗೂ ಒಂದು ಪಾಠ ಕೊಟ್ಟಿದೆ. 1972ರ ವನ್ಯಜೀವಿ ಕಾಯ್ದೆ ಕರಡಿಗೆ ರಕ್ಷಣೆ ಕೊಟ್ಟಿತು. ಗುಡೇಕೋಟೆಯ ಗುಡ್ಡಗಳೇ 2013ರಲ್ಲಿ ಕರಡಿಧಾಮವಾದವು. ಇನ್ನು ಮೇಲೆ ಅಂಥ ಟೊಪ್ಪಿಗೆ ಬೇಕಾದರೆ ಉಣ್ಣೆ, ನಾರು, ಕೃತಕ ಕೂದಲುಗಳಿಂದಲೇ ಆಗಬೇಕು. ಕರಿ ಉಣ್ಣೆಯನ್ನು ಹಿಂಜಿ ಕರಡಿ ಮೈಯಂತೆ ಕಾಣಿಸುವ ಕೈ ಕುರುಬರ ಊರುಗಳಿಗೆ ಹೊಸದಲ್ಲ.

ಇಷ್ಟೆಲ್ಲ ಅಗ್ಗದ ವಸ್ತುಗಳಿಂದ ದೇವಲೋಕ ಕಾಣುತ್ತಿದ್ದುದು ಹೇಗೆ ಎನ್ನುವುದಕ್ಕೆ ಉತ್ತರ ಬೆಳಕಿನಲ್ಲಿದೆ. ಮೊದಲು ಪಂಜು, ಆಮೇಲೆ ಗ್ಯಾಸ್‌ಲೈಟು. ಪಂಜಿನದು ನಿಂತಲ್ಲಿ ನಿಲ್ಲದೆ ಕುಣಿಯುವ ಹಳದಿ ಬೆಳಕು. ಬೇಗಡೆಯ ಸುಕ್ಕು, ಕನ್ನಡಿಯ ಓರೆ, ತಗಡಿನ ಉಬ್ಬು ಆ ಬೆಳಕನ್ನು ತುಣುಕು ಮಾಡಿ ಎರಚುತ್ತಿದ್ದವು. ರಾಕ್ಷಸ ಅಟ್ಟ ಹತ್ತುವಾಗ ಪಂಜಿಗೆ ರಾಳದ ಪುಡಿ ಎಸೆದರೆ ಭಗ್ಗನೆ ಉರಿ ಏಳುತ್ತಿತ್ತು, ಆ ಒಂದು ಕ್ಷಣದಲ್ಲಿ ಕೋರೆಹಲ್ಲು, ಕೆಂಪು ಹಣೆ ಅಷ್ಟೇ ಕಂಡು ಮಕ್ಕಳು ತಾಯಿಯ ಸೆರಗಿಗೆ ಸೇರುತ್ತಿದ್ದರು. ನೋಡುವವರು ಕೂತಿದ್ದುದು ದೂರದ ಬಯಲಲ್ಲಿ. ಹತ್ತಿರದಿಂದ ನುಣುಪಾಗಿ ಕಾಣುವ ಕೆಲಸ ಅಲ್ಲಿಗೆ ಮುಟ್ಟುವುದೇ ಇಲ್ಲ. ಗೆರೆ ದಪ್ಪವಿರಬೇಕು, ಆಕಾರ ದೊಡ್ಡದಿರಬೇಕು, ಬಣ್ಣ ಮೂರಕ್ಕೆ ಮೀರಬಾರದು. ವಿದ್ಯುತ್ ಬಂದು ಬಿಳಿಯ ಟ್ಯೂಬ್‌ಲೈಟು ಅಟ್ಟದ ಮೇಲೆ ತೂಗಿದ ದಿನ ಈ ಲೆಕ್ಕವೆಲ್ಲ ತಪ್ಪಿತು. ಅದೇ ಕಿರೀಟ ಕಾಗದದಂತೆ ಕಂಡಿತು. ಕುಂದು ಬೆಳಕಿನ ಆಯ್ಕೆಯಲ್ಲಿತ್ತು, ದೂಷಣೆ ಮಾತ್ರ ಕಿರೀಟಕ್ಕೆ ಬಂತು.

ಅಗ್ಗದ ವಸ್ತುವನ್ನು ದೂರಕ್ಕೆ ನಿಜವೆನಿಸುವ ಈ ದಾರಿಯಲ್ಲೇ ದೊಡ್ಡ ದೊಡ್ಡ ಸಿನಿಮಾಗಳೂ ನಡೆದವು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬೆಳಕಿನ ಕತ್ತಿಯ ಹಿಡಿ ಮೂಲತಃ ಗ್ರಾಫ್ಲೆಕ್ಸ್ ಎಂಬ ಹಳೆಯ ಕ್ಯಾಮೆರಾದ ಫ್ಲ್ಯಾಶ್‌ ಕೊಳವೆ. ಅದಕ್ಕೆ ರಬ್ಬರ್ ಪಟ್ಟಿಗಳನ್ನು ಅಂಟಿಸಿ ಮುಂದಿನ ಯುಗದ ಆಯುಧವನ್ನಾಗಿ ಮಾಡಿದವರು ರೋಜರ್ ಕ್ರಿಶ್ಚಿಯನ್. ನ್ಯೂಜಿಲೆಂಡಿನ ವೆಟಾ ಕಾರ್ಯಾಗಾರದವರು ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಸರಪಣಿ ಅಂಗಿಗಳನ್ನು ಪ್ಲಾಸ್ಟಿಕ್ ಪೈಪನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದೊಂದನ್ನೂ ಕೈಯಿಂದ ಕೊಂಡಿ ಹಾಕಿ ಹೆಣೆದರು. ನಿಜವಾದ ಕಬ್ಬಿಣದ್ದಾದರೆ ನಟರು ದಿನವಿಡೀ ಹೊರಲಾರರು. ಹಗುರವಿರಬೇಕು, ದೂರಕ್ಕೆ ನಿಜವೆನಿಸಬೇಕು, ಕೈಗೆಟುಕುವ ವಸ್ತುವಿನಿಂದ ಆಗಬೇಕು. ಡಾಲ್ಡಾ ಡಬ್ಬಿಯನ್ನು ಕತ್ತರಿಸಿದವರ ಮುಂದಿದ್ದ ಷರತ್ತುಗಳೂ ಇವೇ ಮೂರು.

ಈ ಷರತ್ತುಗಳಿಗೆ ಒಳಪಡದ ಒಂದು ಸಾಮಾನು ಗುಡೇಕೋಟೆಯಲ್ಲಿದೆ, ಒನಕೆ. ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದಾಗ ಕೋಟೆಯ ಕಿಂಡಿಯಲ್ಲಿ ನುಸುಳಿದವರನ್ನು ಒನಕೆಯಿಂದ ಬಡಿದ ಓಬವ್ವನ ತವರೂರು ಗುಡೇಕೋಟೆಯೆಂದು ಇಲ್ಲಿನ ಜನ ನಂಬುತ್ತಾರೆ. ಚಿತ್ರದುರ್ಗ 1779ರಲ್ಲಿ ಹೈದರನ ವಶವಾಯಿತು, ಓಬವ್ವನ ಕಥೆ ಸೋಲಲಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಅವರು ಓಬವ್ವನಾಗಿ ಕಂಡ ಮೇಲೆ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಚ್ಚೆ ಸೀರೆಯ ಓಬವ್ವಂದಿರು ಹೆಚ್ಚಾದರು. ರಟ್ಟನ್ನು ಸುರುಳಿ ಮಾಡಿ ಕಂದು ಬಣ್ಣ ಹಚ್ಚಿದ ಒನಕೆಯನ್ನು ಹಿಡಿದ ಹುಡುಗಿಯ ತೋಳು ಸಲೀಸಾಗಿ ಮೇಲೇಳುತ್ತದೆ, ನೋಡುವವರ ಮನಸ್ಸು ಅಲ್ಲೇ ಜಾರುತ್ತದೆ. ಮನೆಯ ನಿಜ ಒನಕೆ, ತುದಿಯಲ್ಲಿ ಕಬ್ಬಿಣದ ಅಣಸು ಇರುವಂಥದ್ದು ಕೈಗೆ ಬಂದರೆ ಸೊಂಟ ಬಾಗುತ್ತದೆ, ಉಸಿರು ಬಿಗಿಯುತ್ತದೆ, ಏಟಿಗೆ ಬೆಲೆ ಬರುತ್ತದೆ. ಕುಟ್ಟುವ ಕೆಲಸ ಏನೆಂದು ಈ ಸೀಮೆಯ ಪ್ರೇಕ್ಷಕರಿಗೆ ಗೊತ್ತು. ಎಂದೂ ನೋಡದ ಇಂದ್ರನ ವಜ್ರಾಯುಧ ಹೇಗಿದ್ದರೂ ನಡೆದೀತು, ದಿನವೂ ಹಿಡಿದ ಒನಕೆ ಸುಳ್ಳಾದರೆ ನಡೆಯದು. ಮಕ್ಕಳ ಕೈಗೆ ಭಾರದ ಒನಕೆ ಕೊಡುವುದು ಅಪಾಯ. ಅಣಸು ತೆಗೆದ, ಎರಡೂ ಕೈಗೆ ತುಸು ಭಾರವೆನಿಸುವ ಮರದ ಒನಕೆಯೇ ಸರಿಯಾದ ಮಾರ್ಗ.

ಕೈಕೆಲಸ ಹಿಂದೆ ಸರಿದದ್ದು ಒಂದೇ ಏಟಿಗಲ್ಲ. ಕಂಪನಿ ನಾಟಕಗಳ ವೈಭವ ಮೊದಲು ಬಂತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಹಳ್ಳಿಯವರು ಅದನ್ನು ಮೆಚ್ಚಿದರು, ಆದರೆ ತಮ್ಮ ದಂಟಿನ ಬಾಣ ಬಿಡಲಿಲ್ಲ. ಬಾಡಿಗೆಗೆ ಡ್ರೆಸ್ಸು, ಸೀನರಿ ಕೊಡುವ ಅಂಗಡಿಗಳು ಪೇಟೆಗಳಲ್ಲಿ ಹೆಚ್ಚಿದಾಗ ಕೈ ಸಡಿಲವಾಯಿತು. ಒಂದು ರಾತ್ರಿಗೆ ಪೆಟ್ಟಿಗೆ ತುಂಬ ಸಾಮಾನು ಬರುವಾಗ ತಿಂಗಳುಗಟ್ಟಲೆ ಅಂಟು ಕುದಿಸುವವರು ಯಾರು? ಕೊನೆಯ ಬದಲಾವಣೆ ತಂದದ್ದು ದೂರದರ್ಶನ. 1987ರಲ್ಲಿ ‘ರಾಮಾಯಣ’, ಮರು ವರ್ಷ ‘ಮಹಾಭಾರತ’ ಶುರುವಾದ ಮೇಲೆ ರಾಮನೆಂದರೆ, ಕೃಷ್ಣನೆಂದರೆ ಹೀಗೇ ಇರಬೇಕೆಂಬ ಒಂದು ಅಚ್ಚು ಜನರ ಕಣ್ಣಲ್ಲಿ ಕೂತಿತು. ಭುಜಕೀರ್ತಿಯ ಅರಸ ಹಳಬನಾದ, ಪೆಟ್ಟಿಗೆಯ ಪ್ಲಾಸ್ಟಿಕ್ ಕಿರೀಟದವನು ಹೊಸಬನಾದ. ಪ್ರತಿ ಊರಿನ ರಾವಣನೂ ಬೇರೆ ಬೇರೆಯಾಗಿ ಕಾಣುತ್ತಿದ್ದ ಕಾಲ ಅಲ್ಲಿಗೆ ಮುಗಿಯತೊಡಗಿತು. ಇಡೀ ನಷ್ಟದಲ್ಲಿ ದೊಡ್ಡದು ಇದೇ.

ಇತ್ತ ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ನಡೆಯುತ್ತಿದೆ. ಕಾದಂಬರಿ, ಸಿನಿಮಾ, ಆಟಗಳ ಪಾತ್ರಗಳಾಗಿ ಬರುವ ಯುವಕ ಯುವತಿಯರು ಕವಚ, ಕತ್ತಿ, ರೆಕ್ಕೆಗಳನ್ನು ತಾವೇ ಮಾಡಿಕೊಂಡು ಬರುತ್ತಾರೆ. ನೆಲಹಾಸಿಗೂ ಚಪ್ಪಲಿಯ ಅಟ್ಟೆಗೂ ಬಳಸುವ ಈವಿಎ ಫೋಮ್ ಹಾಳೆಯನ್ನು ಬಿಸಿಗಾಳಿಯಿಂದ ಬಾಗಿಸಿ, ಅಂಟಿಸಿ, ಬಣ್ಣ ಹಚ್ಚುತ್ತಾರೆ. ತ್ರಿಡಿ ಮುದ್ರಣ ಯಂತ್ರವೂ ಮನೆಗಳಿಗೆ ಬಂದಿದೆ. ಕೂಡ್ಲಿಗಿ, ಹಡಗಲಿ ಕಡೆಯಿಂದ ಓದಲು, ದುಡಿಯಲು ಹೋದ ಹುಡುಗರಿಗೆ ಫೋಮ್ ಹಾಳೆ ಹೊಸದಿರಬಹುದು, ಅದರ ಹಿಂದಿನ ಯೋಚನೆ ಅಜ್ಜನ ಕಾಲದ್ದು. ಭುಜದ ಭಾರವನ್ನು ಬೆನ್ನಿಗೆ ಇಳಿಸುವ ಅಡ್ಡಪಟ್ಟಿ, ಶಿರಸ್ತ್ರಾಣದೊಳಗೆ ಸಿಂಬಿ, ತೆಳುವಾದ ಚಿಪ್ಪಿನ ಮೇಲೆ ಉಬ್ಬಿಸಿದ ಗೆರೆ ಇವೆಲ್ಲ ಯಾವ ಗ್ರಹದ ಯೋಧನ ವೇಷಕ್ಕೂ ಸಲ್ಲುತ್ತವೆ. ಫೋಮ್ ಮಣ್ಣಾಗುವುದಿಲ್ಲ, ಕಾಗದ ಮೆಂತ್ಯದ ಚಿಪ್ಪು ಆಗುತ್ತದೆ. ಈ ಒಂದು ಕಾರಣಕ್ಕಾದರೂ ಹಳೆಯ ಕ್ರಮವನ್ನು ಇನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.

ಮಾಡಿ ನೋಡಲು ಮಾದರಿ ಬೇಕು. ಹಾಡು, ಮಾತುಗಳನ್ನು ಬರೆದಿಟ್ಟವರಿದ್ದಾರೆ. ಆಟದ ಪ್ರತಿಗಳು ಅಚ್ಚಾಗಿವೆ, ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳಾಗಿವೆ. ಸಾಮಾನಿನ ಅಳತೆ ಬರೆದಿಟ್ಟವರು ವಿರಳ. ಕಿರೀಟದ ಎತ್ತರವೆಷ್ಟು, ಚಿಪ್ಪಿನ ದಪ್ಪವೆಷ್ಟು, ಅಂಟಿಗೆ ಬೀಜವೆಷ್ಟು ನೀರೆಷ್ಟು ಎನ್ನುವುದು ಮಾಡಿದವರ ಕೈಯಲ್ಲಿತ್ತು, ಆ ಕೈಗಳು ಈಗ ಮುಪ್ಪಾಗಿವೆ. ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರು ಸೀಮೆಯ ಯಾವ ಮನೆಯ ಅಟ್ಟದಲ್ಲಾದರೂ ಹಳೆಯ ಕಿರೀಟ, ಭುಜಕೀರ್ತಿ, ಮೊಗವಾಡಗಳಿದ್ದರೆ ಅವನ್ನು ಗುಜರಿಗೆ ಹಾಕಬೇಡಿ, ಒಲೆಗೂ ಹಾಕಬೇಡಿ. ಮುಂದೆ, ಹಿಂದೆ, ಒಳಗಿನಿಂದ ಫೋಟೊ ತೆಗೆಯಿರಿ. ಅಳತೆ, ತೂಕ ಬರೆಯಿರಿ. ಯಾವ ಆಟಕ್ಕೆ, ಯಾವ ಪಾತ್ರಕ್ಕೆ, ಯಾರ ಕೈಯಲ್ಲಿ ಆದದ್ದೆಂದು ಮನೆಯ ಹಿರಿಯರನ್ನು ಕೇಳಿ ಅದನ್ನೂ ಬರೆದು, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.